ಒಂದೇ ಮನೆ, ಏಳು ವಿಳಾಸ

ಕೊರಿಯರ್ ಹುಡುಗ ಮೂರನೇ ಸಲ ಫೋನ್ ಮಾಡಿದ. "ಅಕ್ಕಾ, ನೀವು ಸುರತ್ಕಲ್ ಅಂತ ಬರ್ದಿದ್ದೀರಿ. ಮ್ಯಾಪಲ್ಲಿ ಇಡ್ಯಾ ಅಂತ ತೋರಿಸ್ತದೆ. ನಾನೀಗ ಎಂತದೋ ಒಂದು ಶಾಲೆಯ ಎದುರು ನಿಂತಿದ್ದೇನೆ. ನೀವು ನಿಜವಾಗಿ ಇರೋದು ಎಲ್ಲಿ?"

ನಾನು ಮಂಗಳೂರು ಪೇಟೆಯ ನಡುವೆ, ಹಂಪನಕಟ್ಟೆಯ ಆಫೀಸಿನಲ್ಲಿದ್ದೆ. ಎದುರು ಇಬ್ಬರು ಗ್ರಾಹಕರು ಕೂತಿದ್ದರು. ಸ್ವರ ತಗ್ಗಿಸಿ ಹೇಳಿದೆ: "ಹೈವೇಯಿಂದ ಕಡಲಿನ ಕಡೆ ತಿರುಗಿ. ಹಾಲಿನ ಬೂತ್ ದಾಟಿ ಎಡಕ್ಕೆ. ಹಸಿರು ಗೇಟು. ಗೇಟಿನ ಎದುರು ರಸ್ತೆಯಲ್ಲಿ ನೀರಿನ ವಾಲ್ವಿನ ಗುಂಡಿ ಉಂಟು. ಅದರ ಮುಚ್ಚಳ ಒಡೆದಿದೆ." ಐದು ನಿಮಿಷದಲ್ಲಿ ಪಾರ್ಸೆಲ್ ತಲುಪಿತು ಅಂತ ಮೆಸೇಜ್ ಬಂತು.

ಆ ಒಡೆದ ಮುಚ್ಚಳದ ಬಗ್ಗೆ ನಾನು ಎರಡು ಸಲ ದೂರು ಕೊಟ್ಟಿದ್ದೇನೆ. ಇನ್ನು ಕೊಡುವುದಿಲ್ಲ.

ಮಂಗಳೂರಿನ ಉಪನಗರ ಸುರತ್ಕಲ್‌ಗೆ ಸೊಸೆಯಾಗಿ ಬಂದು 17 ವರ್ಷ ಆಯಿತು. ಯಾರು ಕೇಳಿದರೆ ಯಾವ ವಿಳಾಸ ಹೇಳಬೇಕು ಅಂತ ಕಲಿಯಲಿಕ್ಕೇ ಅದರಲ್ಲಿ ಐದಾರು ವರ್ಷ ಹೋಗಿರಬೇಕು. ಅಂಚೆಗೆ ನಾವು ಸುರತ್ಕಲ್, 575014. ಜಾಗದ ಪಹಣಿಯಲ್ಲಿ, ಅಂದರೆ ಆರ್‌ಟಿಸಿಯಲ್ಲಿ, ನಮ್ಮ ಐದು ಸೆಂಟ್ಸ್ ಜಾಗ ಇಡ್ಯಾ ಗ್ರಾಮದ್ದು. ಮನೆ ತೆರಿಗೆ ಕಟ್ಟಲು ಹೋದರೆ 7ನೇ ವಾರ್ಡು, ಇಡ್ಯಾ ಪಶ್ಚಿಮ. ಜಾತಿ–ಆದಾಯದ ಸರ್ಟಿಫಿಕೇಟಿಗೆ ನಾಡಕಚೇರಿಯಲ್ಲಿ ಕೂತರೆ ಸುರತ್ಕಲ್ ಹೋಬಳಿ. ಓಟು ಹಾಕುವಾಗ ಮಂಗಳೂರು ನಗರ ಉತ್ತರ. 2008ಕ್ಕೆ ಮೊದಲು ಕ್ಷೇತ್ರದ ಹೆಸರೇ ಸುರತ್ಕಲ್ ಆಗಿತ್ತು, ಆಮೇಲೆ ನಾವು ಬರೀ ಒಂದು ದಿಕ್ಕಾದೆವು. ಹೈವೇಯಲ್ಲಿ ಸ್ವಲ್ಪ ಮೇಲೆ ಹೋದರೆ ಎಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆಯ ಕ್ಯಾಂಪಸ್. ಅದಕ್ಕೆ ಬೇರೆಯೇ ಪಿನ್‌ಕೋಡ್, 575025. ಅದರ ಅಂಚೆಯ ಹೆಸರು ಸುರತ್ಕಲ್ ಅಲ್ಲ, ಶ್ರೀನಿವಾಸನಗರ. ದೇಶಕ್ಕೆಲ್ಲ ಅದು ಸುರತ್ಕಲ್‌ನ ಕಾಲೇಜು, ಅಂಚೆಯವರಿಗೆ ಮಾತ್ರ ಅಲ್ಲ!

ರೈಲಿನ ಕಥೆ ಇನ್ನೂ ಚಂದ. ಸುರತ್ಕಲ್ ಸ್ಟೇಷನ್ ಕೊಂಕಣ ರೈಲ್ವೆಯದ್ದು. ಅದರ ಮುಖ್ಯ ಕಚೇರಿ ನವಿ ಮುಂಬೈಯಲ್ಲಿ. ಆ ಲೈನು ನಮ್ಮ ಪಕ್ಕದ ತೋಕೂರಿಗೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಮಂಗಳೂರು ಜಂಕ್ಷನ್, ಸೆಂಟ್ರಲ್ ಎಲ್ಲ ಪಾಲಕ್ಕಾಡ್ ವಿಭಾಗಕ್ಕೆ. ಅಂದರೆ ನಾನು ಹತ್ತುವ ಸ್ಟೇಷನ್ನಿನ ದೂರು ಮಹಾರಾಷ್ಟ್ರಕ್ಕೆ, ಇಳಿಯುವ ಸ್ಟೇಷನ್ನಿನ ದೂರು ಕೇರಳಕ್ಕೆ. ನಡುವೆ ಕರ್ನಾಟಕದಲ್ಲಿ ಕೂತು ನಾವು ಟಿಕೆಟ್ ತೆಗೆಯುತ್ತೇವೆ.

ಇದನ್ನೆಲ್ಲ ತಮಾಷೆಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಬೆಳೆಯುತ್ತಿರುವ ಉಪನಗರ ಅಂದಾಗ ಎಲ್ಲರೂ ಫ್ಲಾಟು, ಮಾಲ್, ನಾಲ್ಕು ಪಥದ ರಸ್ತೆ ಅನ್ನುತ್ತಾರೆ. ನನಗೆ ಕಾಣುವುದು ಬೇರೆ. ಒಂದೊಂದು ಇಲಾಖೆ ತನ್ನದೇ ಒಂದು ಸುರತ್ಕಲ್ ಗೆರೆ ಎಳೆದುಕೊಂಡಿದೆ. ಆ ಗೆರೆಗಳು ಒಂದರ ಮೇಲೊಂದು ಕೂರುವುದಿಲ್ಲ. ನಾವು ಗೆರೆಗಳ ಸಂದಿಯಲ್ಲಿ ಮನೆ ಕಟ್ಟಿಕೊಂಡಿದ್ದೇವೆ.

ನೀರನ್ನೇ ನೋಡಿ.

ಮಂಗಳೂರು ಪಾಲಿಕೆಗೆ 60 ವಾರ್ಡು. ಎಣಿಕೆ ನಮ್ಮಿಂದಲೇ ಶುರು. ಒಂದನೇ ವಾರ್ಡು ಸುರತ್ಕಲ್ ಪಶ್ಚಿಮ, ಎರಡನೆಯದು ಪೂರ್ವ. ಆದರೆ ನೀರು ಬರುವುದು ತುಂಬೆಯಿಂದ. ಬಂಟ್ವಾಳ ತಾಲೂಕಿನಲ್ಲಿ ನೇತ್ರಾವತಿಗೆ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ. ಅಲ್ಲಿಂದ ಹೊರಟ ನೀರು ಇಡೀ ನಗರಕ್ಕೆ ಹಂಚಿ, ಪಣಂಬೂರು ದಾಟಿ ನಮ್ಮ ಕಡೆ ಬರಬೇಕು. ವಾರ್ಡಿನ ಲೆಕ್ಕದಲ್ಲಿ ನಾವು ಮೊದಲು, ಪೈಪಿನ ಲೆಕ್ಕದಲ್ಲಿ ಕೊನೆ. ಮಧ್ಯದಲ್ಲಿ ಎಲ್ಲಾದರೂ ಪೈಪ್ ಒಡೆದರೆ ಮೊದಲು ಒಣಗುವ ನಳ್ಳಿ ನಮ್ಮದು.

ನಮ್ಮ ಬೀದಿಗೆ ನೀರು ಬಿಡುವವರನ್ನು ಎಲ್ಲರೂ ನೀರಿನ ಅಣ್ಣ ಅನ್ನುತ್ತಾರೆ. ಬೈಕಿನ ಹಿಂದೆ ಟಿ ಆಕಾರದ ಕಬ್ಬಿಣದ ಸರಳು ಕಟ್ಟಿಕೊಂಡು ಬರುತ್ತಾರೆ. ಒಡೆದ ಮುಚ್ಚಳ ಸರಿಸಿ, ಸರಳನ್ನು ಗುಂಡಿಗೆ ಇಳಿಸಿ, ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತಾರೆ. ಎಷ್ಟು ಸುತ್ತು ಅಂತ ಬಾಯಲ್ಲೇ ಎಣಿಸುತ್ತಾರೆ. ಮೊದಲು ಪೈಪಿನಲ್ಲಿ ಗಾಳಿ ಬರುತ್ತದೆ, ಯಾರೋ ಗಂಟಲು ಸರಿ ಮಾಡಿಕೊಂಡ ಹಾಗೆ. ಆಮೇಲೆ ಕೆಂಪು ನೀರು ಒಂದು ಬಕೆಟ್. ಅದನ್ನು ಬಸಳೆ ಚಪ್ಪರಕ್ಕೆ ಹಾಕಬೇಕು. ಆಮೇಲೆ ಬರುವುದು ಕುಡಿಯುವ ನೀರು. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾವ ಮನೆಯಲ್ಲಿ ಮದುವೆ, ಯಾರ ಸಂಪು ದೊಡ್ಡದು, ಯಾರು ಕದ್ದು ಮೋಟಾರ್ ಹಾಕುತ್ತಾರೆ, ಎಲ್ಲ ಅವರಿಗೆ ಗೊತ್ತು. ಈ ಊರಿನ ಸರಿಯಾದ ನಕ್ಷೆ ಯಾರಲ್ಲಾದರೂ ಇದ್ದರೆ ಅದು ಅವರ ತಲೆಯಲ್ಲಿದೆ.

2019ರ ಬೇಸಿಗೆ ನೆನಪಿದೆ. ಪೇಪರಿನಲ್ಲಿ ದಿನಾ ತುಂಬೆಯ ನೀರಿನ ಮಟ್ಟ ಬರುತ್ತಿತ್ತು, ಕ್ರಿಕೆಟ್ ಸ್ಕೋರ್ ಬಂದ ಹಾಗೆ. ನೀರಿಗೆ ರೇಷನ್ ಆಯಿತು. ಪೈಪಿನ ಕೊನೆಯಲ್ಲಿರುವವರಿಗೆ ನೀರು ಬಿಡುವ ದಿನವೂ ನೀರು ಬರುವುದಿಲ್ಲ. ಬಿಟ್ಟ ನೀರು ನಮ್ಮ ತನಕ ತಲುಪುವ ಹೊತ್ತಿಗೆ ಬಂದ್ ಮಾಡುವ ಹೊತ್ತಾಗಿರುತ್ತದೆ. ಆ ಮೇ ತಿಂಗಳಲ್ಲಿ ನೀರಿಲ್ಲದೆ ಎಂಆರ್‌ಪಿಎಲ್ ರಿಫೈನರಿಯೇ ಕೆಲವು ಘಟಕ ನಿಲ್ಲಿಸಿತ್ತು. ಅವರೂ ಕುಡಿಯುವುದು ಅದೇ ನೇತ್ರಾವತಿಯನ್ನು, ಸ್ವಲ್ಪ ಮೇಲೆ ಸರಪಾಡಿಯಲ್ಲಿ. ಆಮೇಲೆ ಅವರು ತಣ್ಣೀರುಬಾವಿಯಲ್ಲಿ ಕಡಲ ನೀರಿನ ಉಪ್ಪು ತೆಗೆಯುವ ಘಟಕ ಕಟ್ಟಿಕೊಂಡರು. ಊರಿನ ಹೆಸರು ನೋಡಿ, ತಣ್ಣೀರುಬಾವಿ! 2023ರಲ್ಲಿ ಮತ್ತೆ ರೇಷನ್. ಒಂದು ದಿನ ನಗರ ಉತ್ತರಕ್ಕೆ, ಒಂದು ದಿನ ದಕ್ಷಿಣಕ್ಕೆ. ಓಟಿನ ಗೆರೆ ನೀರಿಗೂ ಬಂತು.

ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರು ಇದು. ಜೂನಿನಲ್ಲಿ ಅಂಗಳದಲ್ಲಿ ಕಾಲಿಡಲಾಗದಷ್ಟು ನೀರು, ಏಪ್ರಿಲ್‌ನಲ್ಲಿ ಟ್ಯಾಂಕರ್. ನಮ್ಮ ಎದುರಿನ ಫ್ಲಾಟಿಗೆ ಹುಬ್ಬಳ್ಳಿಯಿಂದ ಒಂದು ಸಂಸಾರ ಬಂದಿದೆ. ಗಂಡನಿಗೆ ಬೈಕಂಪಾಡಿ ಕಡೆ ಕೆಲಸ. ಹೆಂಡತಿ ಮೊದಲ ವಾರವೇ ಕೇಳಿದಳು: "ಅಕ್ಕಾರ, ಬಾವ್ಯಾಗ ನೀರು ಐತಿ, ನಳಾನೂ ಐತಿ, ಮತ್ತ ಟ್ಯಾಂಕರ್ ಯಾಕ ಬರ್ತೈತಿ?"

ಬಾವಿಯ ವಿಷಯ ಅವಳಿಗೆ ಮೆಲ್ಲ ಹೇಳಿದೆ. ಈ ಕಡೆ ಮನೆಗೊಂದು ಬಾವಿ. ಹೊಯಿಗೆಯ ನೆಲ, ಹೆಚ್ಚು ತೋಡಬೇಕಾಗಿಲ್ಲ. ನಮ್ಮ ಬಾವಿಯ ನೀರು ಸಿಹಿ ಇತ್ತು, ಅತ್ತೆ ಅದರಲ್ಲೇ ಅನ್ನ ಮಾಡುತ್ತಿದ್ದರು. ಆಮೇಲೆ ಸುತ್ತ ಮೂರು ಫ್ಲಾಟ್ ಎದ್ದವು. ಒಂದು ಮಳೆಗಾಲದಲ್ಲಿ ಬಾವಿಯಿಂದ ವಾಸನೆ ಬಂತು. ನೀರನ್ನು ಬಾಟ್ಲಿಯಲ್ಲಿ ತುಂಬಿಸಿ ಪರೀಕ್ಷೆಗೆ ಕೊಟ್ಟೆವು. ರಿಪೋರ್ಟಿನಲ್ಲಿ ಕುಡಿಯಲು ಯೋಗ್ಯವಲ್ಲ ಅಂತ ಒಂದೇ ಸಾಲು. ಯಾರ ಗುಂಡಿಯಿಂದ ಒಸರುತ್ತದೆ ಅಂತ ಇವತ್ತಿಗೂ ತೀರ್ಮಾನ ಆಗಿಲ್ಲ. ಫ್ಲಾಟಿನವರು ಪೈಪ್ ಹಾಕಿದವರನ್ನು ತೋರಿಸಿದರು. ಪೈಪ್ ಹಾಕಿದವರು ಫ್ಲಾಟಿನವರನ್ನು ತೋರಿಸಿದರು. ಮಂಗಳೂರಿನ ಒಳಚರಂಡಿ ಹೆಚ್ಚಿನಂಶ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ (ಎಡಿಬಿ) ಸಾಲದ ಯೋಜನೆಯಲ್ಲಿ ಆದದ್ದು. ನಮ್ಮ ಕಡೆಯ ಕೊಳಚೆ ನೀರಿನ ಶುದ್ಧೀಕರಣ ಘಟಕ ಇರುವುದು ಮಧ್ಯ ಎಂಬ ಊರಲ್ಲಿ. ಪೈಪು ಬೇಗ ಬಂತು, ಮ್ಯಾನ್‌ಹೋಲೂ ಬಂತು. ಅದಕ್ಕೆ ಮನೆ ಮನೆ ಜೋಡಿಸುವ ಕೆಲಸ ಮಾತ್ರ ಯಾರ ಗೆರೆಯೊಳಗೂ ಬೀಳಲಿಲ್ಲ. ಈಗ ನಮ್ಮ ಬಾವಿಗೆ ಬಲೆ ಹಾಕಿದ್ದೇವೆ. ನೀರು ಪಾತ್ರೆ ತೊಳೆಯಲು, ಗಿಡಕ್ಕೆ.

ಅತ್ತೆ ಮಾತ್ರ ಬೆಳಿಗ್ಗೆ ಎದ್ದು ಬಾವಿಗೆ ಒಮ್ಮೆ ಇಣುಕಿ ನೋಡದೆ ಒಳಗೆ ಬರುವುದಿಲ್ಲ.

ಅತ್ತೆಯ ತವರು ಕೃಷ್ಣಾಪುರ. ಹಾಗಂತ ನಾನು ಹೇಳುವುದು. ಅವರನ್ನು ಕೇಳಿದರೆ ಪಣಂಬೂರು ಅನ್ನುತ್ತಾರೆ. ಅವರು ಸಣ್ಣ ಹುಡುಗಿ ಇದ್ದಾಗ ಬಂದರಿಗೆ ಜಾಗ ಹೋಯಿತು. ಇಲ್ಲಿ ಜಾಗ ಕಳೆದುಕೊಂಡವರು ಯಾರೂ 'ಭೂಸ್ವಾಧೀನ' ಅನ್ನುವುದಿಲ್ಲ. 'ಜಾಗ ಹೋಯಿತು' ಅನ್ನುತ್ತಾರೆ, ಕಡಲ್ಕೊರೆತಕ್ಕೆ ತೆಂಗಿನ ಮರ ಹೋದ ಹಾಗೆ. ಪಣಂಬೂರಿನ ಬಂದರು ತಾನಾಗಿ ಇದ್ದದ್ದಲ್ಲ, ನೆಲ ಅಗೆದು ಕಡಲನ್ನು ಒಳಗೆ ತಂದದ್ದು. ಅಗೆದದ್ದು ಮನೆ, ಗದ್ದೆ, ತೆಂಗಿನ ತೋಟಗಳನ್ನು. ಅಲ್ಲಿಯವರಿಗೆ ಕಾಟಿಪಳ್ಳ, ಕೃಷ್ಣಾಪುರದ ಗುಡ್ಡೆಯಲ್ಲಿ ಸೈಟು ಕೊಟ್ಟರು. ಬಂದರು ಮೇಜರ್ ಪೋರ್ಟ್ ಅಂತ ಘೋಷಣೆ ಆದದ್ದು 1974ರಲ್ಲಿ. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಬಂದು ಉದ್ಘಾಟನೆ ಮಾಡಿದರು. ಅತ್ತೆಯ ಮನೆಯವರು ಆಗಲೇ ಗುಡ್ಡೆ ಹತ್ತಿ ವರ್ಷಗಳಾಗಿದ್ದವು.

"ಅಲ್ಲಿ ಮನೆಗೆ ಹೆಸರಿತ್ತು. ಇಲ್ಲಿ ಬಂದ ಮೇಲೆ ಬ್ಲಾಕ್ ನಂಬರ್ ಆಯ್ತು," ಅಂತ ಅವರು ಒಮ್ಮೆ ಹೇಳಿದ್ದರು. ಇವತ್ತಿಗೂ ಹಾಗೆಯೇ. ಕಾಟಿಪಳ್ಳ 3ನೇ ಬ್ಲಾಕ್, ಕೃಷ್ಣಾಪುರ 7ನೇ ಬ್ಲಾಕ್. ಬಸ್ಸಿನ ಬೋರ್ಡಿನಲ್ಲೂ ಅದೇ, ಮದುವೆ ಕಾಗದದಲ್ಲೂ ಅದೇ. ಹೊಯಿಗೆಯಲ್ಲಿ ಆಳೆತ್ತರ ತೋಡಿ ನೀರು ಕಂಡವರಿಗೆ ಗುಡ್ಡೆಯ ಮುರಕಲ್ಲು ಕಡಿದು ಬಾವಿ ತೋಡುವುದು ಹೊಸತು. ಅತ್ತೆಯ ಅಪ್ಪ ಮೊದಲ ಬೇಸಿಗೆಯಲ್ಲಿ ಬಾವಿ ಅರ್ಧಕ್ಕೆ ಬಿಟ್ಟಿದ್ದರಂತೆ. ಎರಡನೇ ವರ್ಷ ಮುಗಿಸಿದರು. ಆ ಬಾವಿಯ ಹಗ್ಗ ಎಷ್ಟು ಉದ್ದ ಇತ್ತು ಅಂತ ತೋರಿಸಲು ಅತ್ತೆ ನಮ್ಮ ಚಾವಡಿಯ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದು ತೋರಿಸಿದ್ದರು.

ಬಂದರಿನ ಹಿಂದೆ ಗೊಬ್ಬರದ ಕಾರ್ಖಾನೆ ಬಂತು. ಆಮೇಲೆ ರಿಫೈನರಿ. ಈಗಿನ ಎನ್‌ಐಟಿಕೆ ಕಾಲೇಜಂತೂ 1960ರಲ್ಲೇ ಕೆಆರ್‌ಇಸಿ ಅನ್ನುವ ಹೆಸರಲ್ಲಿ ಶುರುವಾಗಿತ್ತು. ಇದರ ಹಿಂದೆಲ್ಲ ಇದ್ದ ಹೆಸರು ಸಂಸದರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರದ್ದು. ಬಂದರು, ಕಾಲೇಜು, ವಿಮಾನ ನಿಲ್ದಾಣ, ಹೆದ್ದಾರಿ, ಯಾವುದನ್ನು ಕೇಳಿದರೂ ಹಿರಿಯರು ಅವರ ಹೆಸರು ಎತ್ತುತ್ತಾರೆ. ಶ್ರೀನಿವಾಸನಗರದ ಶ್ರೀನಿವಾಸರೂ ಅವರೇ.

ಬಂದವರೆಲ್ಲ ತಮ್ಮ ತಮ್ಮ ಟೌನ್‌ಶಿಪ್ ಕಟ್ಟಿಕೊಂಡರು. ಗೇಟು, ಗೇಟಿನಲ್ಲಿ ಸೆಕ್ಯೂರಿಟಿ, ಒಳಗೆ ಶಾಲೆ, ಆಸ್ಪತ್ರೆ, ಆಟದ ಮೈದಾನ, 24 ಗಂಟೆ ನೀರು, ಎರಡೂ ಬದಿ ಸಾಲುಮರ. ನನ್ನ ಗಂಡನ ಗೆಳೆಯ ಅಂಥದ್ದೊಂದರಲ್ಲಿದ್ದ. ಮಗನ ಹುಟ್ಟುಹಬ್ಬಕ್ಕೆ ಹೋದಾಗ ನಾನು ಮೊದಲು ನೋಡಿದ್ದು ಫುಟ್‌ಪಾತ್. ನಡೆಯಲಿಕ್ಕೆ ಅಂತಲೇ ಮಾಡಿದ ಜಾಗ! ನಮ್ಮ ಮಗಳು ಅದರ ಮೇಲೆ ಆ ತುದಿಯಿಂದ ಈ ತುದಿಗೆ ಓಡಿದಳು, ಪಾರ್ಕಿಗೆ ಬಂದ ಹಾಗೆ. ಈ ಟೌನ್‌ಶಿಪ್‌ಗಳ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಒಂದು ಮಾತು ಹೇಳಲೇಬೇಕು. ಊರಿನ ಅನುಕೂಲಸ್ಥರೆಲ್ಲ ಗೇಟಿನೊಳಗೆ ನೀರು, ಡಾಕ್ಟರು, ಶಾಲೆ ಪಡೆದುಕೊಂಡರೆ, ಗೇಟಿನ ಹೊರಗೆ ನೀರು ಬಾರದ ದಿನ ಫೋನ್ ಮಾಡಿ ಜೋರು ಮಾಡುವವರು ಯಾರು? ನಮ್ಮಂಥವರು ಮಾಡುತ್ತೇವೆ. ನಮ್ಮ ಜೋರು ಎಷ್ಟು ದೂರ ಕೇಳಿಸುತ್ತದೆ ಅಂತ ಒಡೆದ ಮುಚ್ಚಳ ನೋಡಿದರೆ ಗೊತ್ತಾಗುತ್ತದೆ.

ಆಸ್ಪತ್ರೆ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಜ್ವರ, ಚುಚ್ಚುಮದ್ದು, ಬಿಪಿ ಮಾತ್ರೆಗೆ ಪ್ರಾಥಮಿಕ ಆರೋಗ್ಯ ಕೇಂದ್ರ ಉಂಟು, ಚೆನ್ನಾಗಿಯೇ ನೋಡುತ್ತಾರೆ. ದೊಡ್ಡದಾದರೆ ಮಂಗಳೂರಿನಲ್ಲಿ 1848ರಿಂದ ನಿಂತಿರುವ ಸರ್ಕಾರಿ ಆಸ್ಪತ್ರೆ ವೆನ್ಲಾಕ್‌ಗೇ ಹೋಗಬೇಕು, ಇಲ್ಲಾ ಸಾಲ ಮಾಡಿ ಖಾಸಗಿಗೆ. ಮಲೇರಿಯಾದವರ ವಿಷಯ ಮಾತ್ರ ಹೇಳಲೇಬೇಕು. ಕಟ್ಟಡದ ಕೆಲಸ ಜಾಸ್ತಿ ಆದಾಗಿನಿಂದ ಮಂಗಳೂರಿಗೆ ಮಲೇರಿಯಾ ಅಂಟಿಕೊಂಡಿದೆ. ಮಳೆಗಾಲ ಶುರುವಾದರೆ ಇಬ್ಬರು ಹುಡುಗರು ಗೇಟು ತೆಗೆದು ಬರುತ್ತಾರೆ. ಫ್ರಿಜ್ಜಿನ ಹಿಂದಿನ ಟ್ರೇ, ಟೆರೇಸಿನ ಬಕೆಟ್, ಹೂಕುಂಡದ ತಟ್ಟೆ ಎಲ್ಲ ಬಗ್ಗಿ ನೋಡುತ್ತಾರೆ. ತೆಂಗಿನ ಚಿಪ್ಪು ಮಗುಚಿ ಹಾಕಿ ಹೋಗುತ್ತಾರೆ. ಫ್ಲಾಟ್, ಹಂಚಿನ ಮನೆ, ಕಾರ್ಮಿಕರ ಶೆಡ್ಡು, ಎಲ್ಲಕ್ಕೂ ಒಂದೇ ಸಮ. ಅವರಿಗೆ ನಮ್ಮ ವಿಳಾಸವೇ ಬೇಡ, ನೀರು ನಿಂತಿದೆಯಾ ಅಂತಷ್ಟೇ ಬೇಕು.

ಕಸದ ವಾಹನ ಬೆಳಿಗ್ಗೆ ಬರುತ್ತದೆ. ಶುಕ್ರವಾರ ಮಾತ್ರ ಒಣ ಕಸ. ಮರೆತರೆ ಪ್ಲಾಸ್ಟಿಕ್ ಚೀಲ ಇನ್ನೊಂದು ವಾರ ಮನೆಯಲ್ಲೇ. ಮೊದಮೊದಲು ನಾನೂ ಗೊಣಗುತ್ತಿದ್ದೆ. 2019ರ ಆಗಸ್ಟ್‌ನಲ್ಲಿ ಜೋರು ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜರಿದು ಮಂದಾರದ ಅಡಿಕೆ, ತೆಂಗಿನ ತೋಟಗಳ ಮೇಲೆ ಹರಿಯಿತಲ್ಲ, ಆಮೇಲೆ ಗೊಣಗುವುದು ಕಡಿಮೆ ಮಾಡಿದೆ. ಆ ಗುಡ್ಡದಲ್ಲಿ ನಮ್ಮ ಮನೆಯ ಹಾಲಿನ ತೊಟ್ಟೆಯೂ ಇತ್ತು. ಅತ್ತೆ ಟಿವಿಯಲ್ಲಿ ಆ ತೋಟ ನೋಡಿ ಎದ್ದು ಒಳಗೆ ಹೋದರು. ಅವತ್ತು ಊಟಕ್ಕೂ ಬರಲಿಲ್ಲ. ಜಾಗ ಹೋಗುವುದರಲ್ಲಿ ಎಷ್ಟೊಂದು ಬಗೆ ಉಂಟು ಅಂತ ಅವರಿಗೆ ಅನಿಸಿರಬೇಕು. ನಾನು ಕೇಳಲಿಲ್ಲ.

ಬಸ್ಸಿಗೆ ಬರೋಣ. ಇಲ್ಲಿ ನನಗೆ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸಿಟಿ ಬಸ್ಸುಗಳು ಖಾಸಗಿಯವರದ್ದು. ಅವುಗಳ ಓಟ, ಹಾರ್ನು, ಬ್ರೇಕು ಯಾವುದನ್ನೂ ನಾನು ಸಮರ್ಥಿಸುವುದಿಲ್ಲ. ಆದರೆ ಕೈ ತೋರಿಸಿದಲ್ಲಿ ನಿಲ್ಲುತ್ತವೆ. ಪೇಟೆಯ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಟ ಬಸ್ಸು ಕೊಟ್ಟಾರ ಚೌಕಿ ಬರುವಾಗಲೇ ತುಂಬಿರುತ್ತದೆ. ಕಂಡಕ್ಟರ್ "ದುಂಬು ಪೋಲೆ, ದುಂಬು ಪೋಲೆ" ಅನ್ನುತ್ತಾ ಇಲ್ಲದ ಜಾಗಕ್ಕೆ ನಮ್ಮನ್ನು ದೂಡುತ್ತಾನೆ. ಕೂಳೂರು ಸೇತುವೆಯ ಹತ್ತಿರ ಎಲ್ಲ ನಿಲ್ಲುತ್ತದೆ. ಬಂದರಿನ ಲಾರಿ, ಗ್ಯಾಸಿನ ಟ್ಯಾಂಕರ್, ಉಡುಪಿಯ ಎಕ್ಸ್‌ಪ್ರೆಸ್, ಆ್ಯಂಬುಲೆನ್ಸ್, ನಾವು. ಸುರತ್ಕಲ್ ಸ್ಟೇಷನ್ನಿನಲ್ಲಿ ಲಾರಿಗಳನ್ನೇ ರೈಲಿಗೆ ಹತ್ತಿಸಿ ಮಹಾರಾಷ್ಟ್ರದ ಕೋಲಾಡ್‌ಗೆ ಕಳಿಸುವ ರೋರೋ ಸೇವೆ ಉಂಟು. ಸರಕು ತುಂಬಿದ ಲಾರಿ ಡ್ರೈವರ್ ಸಮೇತ ರೈಲಿನ ಮೇಲೆ ಕೂತು ಹೋಗುವುದನ್ನು ನೋಡಿದಾಗೆಲ್ಲ, ನಮ್ಮನ್ನೂ ಯಾರಾದರೂ ಹೀಗೆ ಕೂಳೂರು ದಾಟಿಸಬಾರದಾ ಅನಿಸುತ್ತದೆ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ. ಬೆಂಗಳೂರಿನ ನನ್ನ ತಂಗಿ ಫೋನ್ ಮಾಡಿ, "ಇನ್ನು ನಿನಗೆ ತಿಂಗಳಿಗೆ ಎಷ್ಟು ಉಳೀತದೆ ಅಲ್ವಾ" ಅಂದಳು. ಎಂತ ಉಳಿಯುವುದು? ನಮ್ಮ ದಾರಿಯಲ್ಲಿ ಹತ್ತು ಖಾಸಗಿ ಬಸ್ಸು ಹೋದ ಮೇಲೆ ಸರ್ಕಾರದ ಒಂದು ನರ್ಮ್ ಬಸ್ಸು ಕಂಡರೆ ಪುಣ್ಯ. ಅದಕ್ಕೆ ಕಾದರೆ ಆಫೀಸಿನಲ್ಲಿ ಅರ್ಧ ದಿನದ ರಜೆ ಬರೆಯುತ್ತಾರೆ. ಇಡೀ ರಾಜ್ಯಕ್ಕೆ ಬಂದ ಸೌಲಭ್ಯ ನಮ್ಮ ಜಿಲ್ಲೆಯ ಪೇಟೆಗಳಲ್ಲಿ ಕಿಟಕಿಯಾಚೆ ಹಾದು ಹೋಗುತ್ತದೆ. ಇದನ್ನು ಗಟ್ಟಿಯಾಗಿ ಹೇಳುವವರು ಕಡಿಮೆ. ನಮ್ಮವರಿಗೆ ಖಾಸಗಿ ಬಸ್ಸಿನ ಅಭ್ಯಾಸ ಅಷ್ಟಿದೆ. ನನಗೂ.

ಹೇಳಿದರೆ ಆಗುತ್ತದೆ ಎನ್ನುವುದಕ್ಕೂ ಸಾಕ್ಷಿ ಇದೆ. ಎನ್‌ಐಟಿಕೆ ಹತ್ತಿರ ಟೋಲ್ ಗೇಟ್ ಇತ್ತು. ತಾತ್ಕಾಲಿಕ ಅಂತ ಶುರುವಾದದ್ದು ವರ್ಷಗಟ್ಟಲೆ ಹಾಗೇ ಉಳಿಯಿತು. ಜನ ರಸ್ತೆಯಲ್ಲೇ ಕೂತರು, ಹಗಲು ರಾತ್ರಿ. 2022ರ ಡಿಸೆಂಬರ್ 1ಕ್ಕೆ ವಸೂಲಿ ನಿಂತಿತು. ಅವತ್ತು ಆಫೀಸಿಗೆ ರಜೆ ಹಾಕಿ ಸ್ಕೂಟರಿನಲ್ಲಿ ಅಲ್ಲಿಯವರೆಗೆ ಸುಮ್ನೆ ಹೋಗಿ ಬಂದೆ. ಸ್ಕೂಟರಿಗೆ ಮೊದಲೂ ಟೋಲ್ ಇರಲಿಲ್ಲ ಅನ್ನುವುದು ಬೇರೆ ಮಾತು.

ಮೊನ್ನೆ ಭಾನುವಾರ ಹುಬ್ಬಳ್ಳಿಯವಳು ಒಂದು ಫಾರ್ಮ್ ಹಿಡಿದು ಬಂದಳು. ಆಧಾರ್ ವಿಳಾಸ ಬದಲಿಸಬೇಕು, ಗ್ಯಾಸಿನ ಕನೆಕ್ಷನ್ ಮಾಡಿಸಬೇಕು, ಮಗನನ್ನು ಶಾಲೆಗೆ ಸೇರಿಸಬೇಕು. ಒಂದು ಕಚೇರಿಯಲ್ಲಿ ಅವಳ ಬಾಡಿಗೆ ಕರಾರು ಪತ್ರವನ್ನು ವಾಪಸು ಕೊಟ್ಟಿದ್ದರು. ಅದರಲ್ಲಿ ಇಡ್ಯಾ ಅಂತಿತ್ತು, ಕರೆಂಟ್ ಬಿಲ್ಲಿನಲ್ಲಿ ಸುರತ್ಕಲ್ ಅಂತಿತ್ತು. ಎರಡೂ ಒಂದೇ ಅಂತ ಅವಳು ಹೇಳಿದರೆ ಅವರು ಒಪ್ಪಲಿಲ್ಲವಂತೆ. ನನಗೂ ಇದೇ ಆಗಿತ್ತು, 17 ವರ್ಷದ ಹಿಂದೆ. ಚಾ ಇಟ್ಟು, ಹಳೆ ಕ್ಯಾಲೆಂಡರಿನ ಒಂದು ಹಾಳೆ ಹರಿದು ಅದರ ಹಿಂದೆ ಬರೆದುಕೊಟ್ಟೆ. ಅಂಚೆಗೆ ಇದು. ಜಾಗದ ಕಾಗದಕ್ಕೆ ಇದು. ವಾರ್ಡ್ ಇದು. ಹೋಬಳಿ ಇದು. ಓಟಿಗೆ ಇದು. ಬಸ್ಸಿನವರಿಗೆ ಸುರತ್ಕಲ್ ಅಂದರೆ ಸಾಕು. ಕೊರಿಯರಿನವರಿಗೆ ಒಡೆದ ಮುಚ್ಚಳ.

ಅತ್ತೆ ಬಾಗಿಲಿಗೆ ಒರಗಿ ನೋಡುತ್ತಿದ್ದರು. ಅವಳು ಹಾಳೆಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದಳು. "ಎಲ್ಲಾ ಖರೆ ಅಕ್ಕಾರ. ಊರಿಗೆ ಫೋನ್ ಹಚ್ಚಿದಾಗ ನಮ್ಮವ್ವ ಕೇಳ್ತಾಳ, ಯಾವ ಊರಾಗ ಅದೀರಿ ಅಂತ. ಆಕಿಗೆ ಏನಂತ ಹೇಳ್ಲಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು, "ಪಣಂಬೂರಿನ ಹತ್ತಿರ ಅಂತ ಹೇಳು ಮಗಾ."

ಅಷ್ಟರಲ್ಲಿ ಹೊರಗೆ ಬೈಕ್ ನಿಂತ ಸದ್ದು. ಕಬ್ಬಿಣದ ಸರಳು ರಸ್ತೆಗೆ ತಾಗಿದ ಸದ್ದು. ಹಿತ್ತಲಿನ ನಳ್ಳಿ ಒಮ್ಮೆ ಕೆಮ್ಮಿತು. ಅವಳು ಚಾದ ಲೋಟ ಅಲ್ಲೇ ಬಿಟ್ಟು, ಹಾಳೆಯನ್ನೂ ಅಲ್ಲೇ ಬಿಟ್ಟು, ಮೆಟ್ಟಿಲಿಳಿದು ತನ್ನ ಸಂಪಿನ ಕಡೆ ಓಡಿದಳು.